ಅನ್ನ ಬಿಟ್ಟವರ ವಾದ, ಮುದ್ದೆ ಹಿಡಿದವರ ನಂಬಿಕೆ: ತಟ್ಟೆಯಲ್ಲಿ ಕಾಣೆಯಾದದ್ದು ಕಾಳು

ಬೆಂಗಳೂರು: ಭಾರತೀಯರು ದಿನವೊಂದಕ್ಕೆ ಪಡೆಯುವ ಕ್ಯಾಲೊರಿಯಲ್ಲಿ ಶೇ 62ರಷ್ಟು ಶರ್ಕರಪಿಷ್ಟದಿಂದ, ಅಂದರೆ ಕಾರ್ಬೋಹೈಡ್ರೇಟ್‌ನಿಂದ ಬರುತ್ತಿದೆ. ಪ್ರೋಟೀನ್‌ನ ಪಾಲು ಕೇವಲ ಶೇ 12. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ಜಂಟಿಯಾಗಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯ ಈ ಅಂಶಗಳು 2025ರ ಸೆಪ್ಟೆಂಬರ್ ಅಂತ್ಯದಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದವು. ಅನ್ನ, ಚಪಾತಿ, ಸಕ್ಕರೆಗಳನ್ನು ತೊರೆದು ಮಾಂಸ, ಮೊಟ್ಟೆ, ತುಪ್ಪ, ತರಕಾರಿಯತ್ತ ಹೊರಳಿರುವ 'ಪೂರ್ವಜರ ಆಹಾರ'ದ ಪ್ರತಿಪಾದಕರಿಗೆ ಇದು ತಮ್ಮ ವಾದಕ್ಕೆ ಸಿಕ್ಕ ಸರ್ಕಾರಿ ಮುದ್ರೆಯಂತೆ ಕಂಡದ್ದು ಸಹಜ. ಆದರೆ ಅದೇ ವರದಿಯ ಇನ್ನೆರಡು ಸಾಲುಗಳು ಅವರಿಗೂ, ಸಿರಿಧಾನ್ಯ ಭಕ್ತರಿಗೂ ಅಷ್ಟೇನೂ ರುಚಿಸುವಂಥವಲ್ಲ.

ಮೊದಲು ಅವರ ವಾದವನ್ನು ನೋಡೋಣ. ಮನುಷ್ಯನ ದೇಹ ರೂಪುಗೊಂಡದ್ದು ಬೇಟೆ ಮತ್ತು ಸಂಗ್ರಹಣೆಯ ಕಾಲದಲ್ಲಿ. ಧಾನ್ಯ ಬಂದದ್ದು ತೀರಾ ಈಚೆಗೆ. ಆದ್ದರಿಂದ ಧಾನ್ಯವೇ ಬೊಜ್ಜಿಗೂ ಮಧುಮೇಹಕ್ಕೂ ಮೂಲ ಎಂಬುದು ಅದರ ತಿರುಳು. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಎಂಬ ಅಮೆರಿಕದ ವಿದ್ವಾಂಸರು ಶಿಲಾಯುಗದ ಪೋಷಣೆಯ ಬಗ್ಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. 2002ರಲ್ಲಿ ಲೊರೆನ್ ಕಾರ್ಡೇನ್ ಅವರ ಪುಸ್ತಕ ಅದನ್ನು ಜನಪ್ರಿಯ ಪಥ್ಯವನ್ನಾಗಿಸಿತು. ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡೆನೆಂದು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ 1863ರಲ್ಲೇ ಕಿರುಹೊತ್ತಿಗೆ ಅಚ್ಚು ಹಾಕಿಸಿದ್ದನ್ನು ನೆನೆದರೆ, ಶರ್ಕರಪಿಷ್ಟದ ಮೇಲಿನ ಮುನಿಸು ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ಅಧಿಕೃತ ಸಲಹೆಯ ಮೇಲಿನ ಅವರ ಸಂಶಯವನ್ನು ತಳ್ಳಿಹಾಕುವಂತಿಲ್ಲ. 1977ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಕೊಬ್ಬು ತಗ್ಗಿಸಿ ಶರ್ಕರಪಿಷ್ಟ ಹೆಚ್ಚಿಸಿರೆಂದು ಹೇಳಿತು. 1992ರ ಪ್ರಸಿದ್ಧ 'ಆಹಾರ ಪಿರಮಿಡ್ಡು' ದಿನಕ್ಕೆ 6ರಿಂದ 11 ಪಾಲು ಬ್ರೆಡ್ಡು, ಅನ್ನ, ಧಾನ್ಯ ತಿನ್ನಲು ತಿಳಿಸಿತು. ಸುಮಾರು 48,800 ಮಹಿಳೆಯರ ಮೇಲೆ ನಡೆದ ಬೃಹತ್ ಪ್ರಯೋಗದ ಫಲಿತಾಂಶ 2006ರಲ್ಲಿ ಹೊರಬಿದ್ದಾಗ, ಕೊಬ್ಬು ತಗ್ಗಿಸಿದ್ದರಿಂದ ಹೃದ್ರೋಗ ಗಮನಾರ್ಹವಾಗಿ ಕಡಿಮೆಯಾಗಲಿಲ್ಲವೆಂದು ಗೊತ್ತಾಯಿತು. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ಮಿತಿಯನ್ನು ಅಮೆರಿಕದ ಮಾರ್ಗಸೂಚಿ 2015ರ ಆವೃತ್ತಿಯಲ್ಲಿ ಸದ್ದಿಲ್ಲದೆ ಕೈಬಿಟ್ಟಿತು. ದಶಕಗಳ ಕಾಲ ಮೊಟ್ಟೆಯ ಹಳದಿ ಎಸೆದು ಬಿಳಿ ಭಾಗವನ್ನಷ್ಟೇ ತಿಂದವರಿಗೆ ಯಾರೂ ಕ್ಷಮೆ ಕೇಳಲಿಲ್ಲ!

ಈ ಚರ್ಚೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. 18 ದೇಶಗಳ 1,35,335 ಜನರನ್ನು ಒಳಗೊಂಡ 'ಪ್ಯೂರ್' ಅಧ್ಯಯನ 2017ರಲ್ಲಿ ಪ್ರಕಟವಾದಾಗ, ಶರ್ಕರಪಿಷ್ಟ ಅತಿಯಾಗಿ ತಿನ್ನುವವರಲ್ಲಿ ಸಾವಿನ ಪ್ರಮಾಣ ಹೆಚ್ಚು, ಕೊಬ್ಬು ತಿನ್ನುವವರಲ್ಲಿ ಕಡಿಮೆ ಎಂಬ ಅಂಶ ಸಂಚಲನ ಮೂಡಿಸಿತು. ಇದರ ಮುಂದಾಳು ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಭಾರತದಲ್ಲಿ ಅಧ್ಯಯನಕ್ಕೆ ಕೈಜೋಡಿಸಿದ ಸಂಸ್ಥೆಗಳಲ್ಲಿ ಸೇಂಟ್ ಜಾನ್ಸ್ ಪ್ರಮುಖವಾದುದು. ಟೀಕಾಕಾರರು ತಕ್ಷಣ ಎತ್ತಿದ ಪ್ರಶ್ನೆಯೂ ಬಲವಾದದ್ದೇ: ಬರೀ ಅನ್ನದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವವರು ಬಡವರು. ಅವರನ್ನು ಕೊಂದದ್ದು ಅನ್ನವೋ, ಬಡತನವೋ? ಮರುವರ್ಷ 'ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್'ನಲ್ಲಿ ಬಂದ ಮತ್ತೊಂದು ಅಧ್ಯಯನ, ಕ್ಯಾಲೊರಿಯಲ್ಲಿ ಶೇ 50ರಿಂದ 55ರಷ್ಟು ಶರ್ಕರಪಿಷ್ಟ ಇರುವವರಲ್ಲಿ ಅಪಾಯ ಅತಿ ಕಡಿಮೆ, ಅದಕ್ಕಿಂತ ಬಹಳ ಹೆಚ್ಚಾದರೂ ಬಹಳ ಕಡಿಮೆಯಾದರೂ ಹೆಚ್ಚು ಎಂದಿತು.

ಯಾರ ಪೂರ್ವಜರು?

ಪೂರ್ವಜರು ಎಂದಾಗ ಯಾವ ಪೂರ್ವಜರು ಎಂದು ಕೇಳಬೇಕಾಗುತ್ತದೆ. ಹಿಮಪ್ರದೇಶದ ಬೇಟೆಗಾರನ ಊಟವನ್ನು ಬಯಲುಸೀಮೆಯವನ ಪರಂಪರೆ ಎನ್ನಲಾಗದು. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಬಾಳಿದ ನವಶಿಲಾಯುಗದ ಜನ ಏನು ತಿನ್ನುತ್ತಿದ್ದರೆಂಬುದಕ್ಕೆ ಅಲ್ಲಿನ ಮಣ್ಣಿನಲ್ಲಿ ಸುಟ್ಟು ಕರಕಲಾಗಿ ಉಳಿದ ಬೀಜಗಳೇ ಸಾಕ್ಷಿ: ಕೊರಲೆಯಂತಹ ಕಿರುಧಾನ್ಯ, ಹುರುಳಿ, ಹೆಸರು. ಆ ಸೀಮೆಯ ಬೂದಿಗುಡ್ಡಗಳು ಸಗಣಿ ಸುಟ್ಟು ಆದವು. ದನಗಳಿದ್ದವು ಎಂದ ಮೇಲೆ ಮಾಂಸವೂ ಇದ್ದಿರಬೇಕು. ತುಮಕೂರು, ಚಿತ್ರದುರ್ಗದ ಕಡೆ ಈಗಲೂ ಅಲ್ಲಲ್ಲಿ ಕೊರಲೆ ಬೆಳೆಯುತ್ತಾರೆ. ಕನ್ನಡ ನಾಡಿನ ಅತಿ ಹಳೆಯ ತಟ್ಟೆ ಧಾನ್ಯವಿಲ್ಲದ ತಟ್ಟೆಯಲ್ಲ. ಅದು ಧಾನ್ಯದ ಪಕ್ಕದಲ್ಲಿ ಕಾಳಿದ್ದ ತಟ್ಟೆ.

ಇಲ್ಲೊಂದು ವಿಪರ್ಯಾಸ ಗಮನಿಸಬೇಕು. ಕಾರ್ಡೇನ್ ಮಾದರಿಯ ಪಥ್ಯ ಧಾನ್ಯದ ಜೊತೆಗೆ ಬೇಳೆಕಾಳು ಮತ್ತು ಹಾಲನ್ನೂ ನಿಷೇಧಿಸುತ್ತದೆ. 2025ರ ಭಾರತೀಯ ಅಧ್ಯಯನವಾದರೋ, ಶರ್ಕರಪಿಷ್ಟದ ಶೇ 5ರಷ್ಟು ಕ್ಯಾಲೊರಿಯನ್ನು ಸಸ್ಯಮೂಲದ ಅಥವಾ ಹಾಲಿನ ಪ್ರೋಟೀನ್‌ಗೆ ಬದಲಿಸಿದರೆ ಮಧುಮೇಹದ ಸಾಧ್ಯತೆ ತಗ್ಗುತ್ತದೆಂದು ಲೆಕ್ಕ ಹಾಕಿದೆ. ಮೊಟ್ಟೆ, ಮೀನಿಗೂ ಈ ಮಾತು ಅನ್ವಯ. ಕೆಂಪು ಮಾಂಸಕ್ಕೋ ಕೊಬ್ಬಿಗೋ ಬದಲಿಸಿದರೆ ಆ ಲಾಭ ಕಾಣಲಿಲ್ಲ. ಪಥ್ಯದವರು ಬೇಡವೆಂದದ್ದೇ ಇಲ್ಲಿ ಬೇಕಾಗಿದೆ.

ಎರಡನೆಯ ಸಾಲು ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು. ಬಿಳಿ ಅನ್ನದ ಜಾಗದಲ್ಲಿ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಂದಿಟ್ಟು, ಒಟ್ಟು ಶರ್ಕರಪಿಷ್ಟವನ್ನು ಹಾಗೆಯೇ ಉಳಿಸಿಕೊಂಡರೆ ಅಪಾಯ ತಗ್ಗುವುದಿಲ್ಲ ಎನ್ನುತ್ತದೆ ವರದಿ. ಇದು ಒಂದು ಕಾಲಘಟ್ಟದ ಚಿತ್ರ, ಪ್ರಯೋಗವಲ್ಲ ಎಂಬ ಮಿತಿ ಇದಕ್ಕಿದೆ. ಆದರೂ ರಾಗಿ ತಿಂದವನು ನಿರೋಗಿ ಎಂದು ನಂಬಿದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. ಅಕ್ಕಿಯಲ್ಲೂ ಸರಿಸುಮಾರು ಅಷ್ಟೇ. ರಾಗಿಯ ಹೆಗ್ಗಳಿಕೆ ಸುಣ್ಣದ ಅಂಶ ಮತ್ತು ನಾರು. ಹುರುಳಿಯಲ್ಲಾದರೆ ಪ್ರೋಟೀನ್ 21 ಗ್ರಾಂ ದಾಟುತ್ತದೆ. ಮುದ್ದೆಗೆ ಹುರುಳಿ ಸಾರು, ಮೊಳಕೆಕಾಳಿನ ಸಾರು, ಬಸ್ಸಾರು ಜೊತೆಯಾಗಿದ್ದಕ್ಕೆ ಬಹುಶಃ ಇದೇ ಕಾರಣ. ಹೊಲದಲ್ಲಿ ಬೆವರು ಸುರಿಸುವವನ ಮುದ್ದೆಯ ಗಾತ್ರವನ್ನು ಕಂಪ್ಯೂಟರ್ ಮುಂದೆ ಕೂರುವವನು ಉಳಿಸಿಕೊಂಡು, ಕಾಳನ್ನು ಬಿಟ್ಟು, ಸಾಲದ್ದಕ್ಕೆ ಸಿರಿಧಾನ್ಯದ ಬಿಸ್ಕತ್ತು, ನೂಡಲ್ಸ್ ಸೇರಿಸಿಕೊಂಡರೆ ಅದನ್ನು ಪೂರ್ವಜರ ಆಹಾರ ಎನ್ನಲಾದೀತೆ?

ಸಲಹೆ ಒಂದು, ಪಡಿತರ ಇನ್ನೊಂದು

ಸರ್ಕಾರಿ ತಜ್ಞರು ಅನ್ನ ತಿನ್ನಿಸಿ ಜನರನ್ನು ರೋಗಿಗಳನ್ನಾಗಿ ಮಾಡಿದರು ಎಂಬ ಆರೋಪ ಅಮೆರಿಕದ ಪಿರಮಿಡ್ಡಿಗೆ ಒಪ್ಪೀತು, ಇಂದಿನ ಭಾರತಕ್ಕೆ ಒಪ್ಪದು. ಐಸಿಎಂಆರ್‌ನ ಭಾಗವಾದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಮಾರ್ಗಸೂಚಿ, ಧಾನ್ಯಗಳಿಂದ ಬರುವ ಶಕ್ತಿ ಶೇ 45ನ್ನು ಮೀರಬಾರದೆನ್ನುತ್ತದೆ. ಜನ ನಿಜವಾಗಿ ಪಡೆಯುತ್ತಿರುವುದು ಶೇ 50ರಿಂದ 70. ಮಧುಮೇಹ ಹಿಮ್ಮೆಟ್ಟಿಸಬೇಕಾದರೆ ಒಟ್ಟು ಶರ್ಕರಪಿಷ್ಟ ಶೇ 49ರಿಂದ 54ಕ್ಕೆ ಇಳಿಯಬೇಕೆಂದು ಐಸಿಎಂಆರ್ ಸಹಭಾಗಿತ್ವದ ಇದೇ ಸಮೀಕ್ಷಾ ತಂಡ 2022ರಲ್ಲಿ ಅಂದಾಜಿಸಿತ್ತು. ಸಲಹೆ ಇದೆ, ಅದು ತಟ್ಟೆಗೆ ಇಳಿದಿಲ್ಲ.

ಕಾರಣ ಹುಡುಕಲು ನ್ಯಾಯಬೆಲೆ ಅಂಗಡಿಗೆ ಹೋದರೆ ಸಾಕು. ಎರಡು ಸಾವಿರ ಕ್ಯಾಲೊರಿಯ ಊಟದಲ್ಲಿ ಶೇ 5 ಎಂದರೆ 100 ಕ್ಯಾಲೊರಿ. ಇಷ್ಟನ್ನು ಕಳೆಯಲು ಒಂದು ಹಿಡಿ ಅಕ್ಕಿ ಬಿಟ್ಟರಾಯಿತು. ಅದೇ 100 ಕ್ಯಾಲೊರಿಯನ್ನು ಪ್ರೋಟೀನ್ ರೂಪದಲ್ಲಿ ತುಂಬಿಕೊಳ್ಳಲು 25 ಗ್ರಾಂ, ಅಂದರೆ ಹೆಚ್ಚುಕಡಿಮೆ ನಾಲ್ಕು ಮೊಟ್ಟೆ ಬೇಕು. ಐದು ಜನರ ಕುಟುಂಬಕ್ಕೆ ದಿನಕ್ಕೆ ಇಪ್ಪತ್ತು! ಅಕ್ಕಿ ಪುಕ್ಕಟೆ, ಮೊಟ್ಟೆಗೆ ದುಡ್ಡು. ಪಥ್ಯದ ಪುಸ್ತಕಗಳು ಈ ಲೆಕ್ಕವನ್ನು ಮುಟ್ಟುವುದಿಲ್ಲ.

ವೈದ್ಯರನ್ನು ಕೇಳದೆ ಏಕಾಏಕಿ ಅನ್ನ ಬಿಡುವವರಿಗೆ ಬೇರೆಯದೇ ಅಪಾಯವಿದೆ. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು. ಈಚೆಗೆ ವ್ಯಾಪಕವಾಗಿರುವ 'ಗ್ಲಿಫ್ಲೋಜಿನ್' ಮಾತ್ರೆಗಳ ಜೊತೆ ಕಟ್ಟುನಿಟ್ಟಿನ ಕೀಟೋ ಪಥ್ಯ ಮಾಡಿದರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಕುತ್ತು ಬರಬಹುದು.

2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವನ್ನು ಓಡಿಸಿತು. ಅದನ್ನು ಹೀಗಳೆಯುವುದು ಹೊಟ್ಟೆ ತುಂಬಿದವರ ಚಪಲ. ಆದರೆ ಉಚಿತ ಧಾನ್ಯ ಬಂದಷ್ಟು ಸಲೀಸಾಗಿ ಕಾಳು ಬರಲಿಲ್ಲ. ಹೆಚ್ಚುವರಿ ಐದು ಕಿಲೊ ಅಕ್ಕಿಯ ಬದಲು ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ನೀಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಬೇಳೆಯ ಮಟ್ಟಿಗೆ ಇದು ಸರಿಯಾದ ದಿಕ್ಕು. ಸಕ್ಕರೆಯನ್ನು ಪಟ್ಟಿಯಲ್ಲಿ ಇಟ್ಟದ್ದೇಕೆ ಎಂಬುದಕ್ಕೆ ಪೋಷಣಾ ಶಾಸ್ತ್ರದಲ್ಲಂತೂ ಉತ್ತರವಿಲ್ಲ.

ಶಾಲೆಗಳ ಕಥೆ ಕೊಂಚ ಮುಂದಿದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ನೀಡಲು ಹೊರಟಾಗ ಕೆಲವು ಮಠಾಧೀಶರಿಂದ ಪ್ರಬಲ ವಿರೋಧ ಬಂದಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ಅದು ವಾರದ ಆರು ದಿನಕ್ಕೆ ವಿಸ್ತರಿಸಿತು. ಮೊಟ್ಟೆ ಒಲ್ಲದ ಮಕ್ಕಳಿಗೆ ಆಗ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡಲಾಗುತ್ತಿತ್ತು. ಇವೆರಡರಲ್ಲಿ ಪ್ರೋಟೀನ್‌ನ ಲೆಕ್ಕಕ್ಕೆ ಬರುತ್ತಿದ್ದುದು ಚಿಕ್ಕಿಯೊಳಗಿನ ಶೇಂಗಾ ಮಾತ್ರ.