ಬೇಟೆಗೆ ಋತುವಿಲ್ಲ, ಕಾವಲಿಗೂ ಬಿಡುವು ಸಲ್ಲದು

ಮಂಗಳೂರು: ಅಮೆರಿಕದಲ್ಲಿ ಜಿಂಕೆ ಬೇಟೆಗೆ ನಿಗದಿತ ಋತುವಿದೆ. ಉಳಿದ ತಿಂಗಳುಗಳಲ್ಲಿ ಬೇಟೆಗಾರರು ಹೆಜ್ಜೆಗುರುತು, ಮೇವಿನ ತಾಣ, ನೀರಿನ ದಾರಿಗಳನ್ನು ಅರಿತುಕೊಳ್ಳುತ್ತಾರೆ. ಭಾರತದಲ್ಲಿ ಅಂಥ ಋತುವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಪರವಾನಗಿ ಬೇಟೆಗೆ ಅವಕಾಶ ಇರಿಸಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಉರುಳು ಒಡ್ಡುವುದು, ಸೋವುವುದು, ಆಮಿಷ ಇಡುವುದು, ಇವುಗಳಿಗೆ ಯತ್ನಿಸುವುದು ಕೂಡ ಕಾಯ್ದೆಯ ದೃಷ್ಟಿಯಲ್ಲಿ ಬೇಟೆಯೇ.

ಆದರೂ ಜಾಡು ಹಿಡಿಯುವ ವಿದ್ಯೆ ದಕ್ಷಿಣ ಕನ್ನಡದಲ್ಲಿ ಅಳಿದಿಲ್ಲ. ಸುಳ್ಯ, ಬೆಳ್ತಂಗಡಿಯ ಅನೇಕ ತೋಟಗಳು ಪಶ್ಚಿಮಘಟ್ಟದ ಕಾಡಿಗೆ ತಾಗಿಕೊಂಡಿವೆ. ಮಳೆಗಾಲದಲ್ಲಿ ಎಲ್ಲೆಡೆ ನೀರಿರುವುದರಿಂದ ಕಡವೆಗಳು ಚದುರಿರುತ್ತವೆ. ಬೇಸಿಗೆಯಲ್ಲಿ ಬತ್ತದೆ ಉಳಿದ ಹೊಂಡಗಳತ್ತ ಮುಸ್ಸಂಜೆ, ಮುಂಜಾವಿನಲ್ಲಿ ಬರುತ್ತವೆ. ಒದ್ದೆ ಮಣ್ಣಿನಲ್ಲಿ ಮೂಡಿದ ಜಾಡನ್ನು ಮೊದಲೇ ಗುರುತಿಟ್ಟವನಿಗೆ ಬೇಸಿಗೆಯ ಹೊಂಚು ಸುಲಭ.

ಅರಣ್ಯ ಇಲಾಖೆಯ ಕಾವಲು ಕೂಡ ಅದೇ ಲೆಕ್ಕಾಚಾರದಲ್ಲಿ ಸಾಗಬೇಕು. ಕೋವಿ ಸದ್ದು ಕೇಳಿದ ಮೇಲೆ ದಾಖಲಾಗುವ ಮೊಕದ್ದಮೆ ಸತ್ತ ಪ್ರಾಣಿಯನ್ನು ಮರಳಿಸದು. ಕಾಡಂಚಿನ ಜಾಡು ಬಲ್ಲ ಸ್ಥಳೀಯರನ್ನು ಮಳೆಗಾಲದಿಂದಲೇ ಕಾವಲಿಗೆ ತೊಡಗಿಸಿದರೆ ಅದೇ ಅರಿವು ಪ್ರಾಣಿಗಳ ರಕ್ಷಣೆಗೆ ಒದಗೀತು.

ಇದಕ್ಕೆ ಕೃಷಿಕರ ಸಹಕಾರ ಅನಿವಾರ್ಯ. ಕಾಡುಹಂದಿ, ಮಂಗಗಳಿಂದ ಬೆಳೆ ಕಳೆದುಕೊಂಡವನು ಪರಿಹಾರಕ್ಕಾಗಿ ಕಚೇರಿ ಅಲೆಯುವಂತಾದರೆ, ಹೊಂಚುಗಾರನ ಸುಳಿವನ್ನು ಇಲಾಖೆಗೆ ಯಾಕೆ ಕೊಟ್ಟಾನು? ಬೆಳೆ ರಕ್ಷಣೆಯ ಕೋವಿ ಕಡವೆಯತ್ತ ತಿರುಗಬಾರದು ಎಂದಾದರೆ, ಪರಿಹಾರ ಸಕಾಲದಲ್ಲಿ ತೋಟದ ಬಾಗಿಲು ತಲುಪಲೇಬೇಕು.