ಮೂಲವ್ಯಾಧಿಯೆಂದು ಸುಮ್ಮನಿರಬೇಡಿ



ಮಲದಲ್ಲಿ ರಕ್ತ ಕಂಡರೆ ನಮ್ಮ ಹಳ್ಳಿಗಳಲ್ಲಿ ಉತ್ತರ ಸಿದ್ಧವಿರುತ್ತದೆ: ಉಷ್ಣ, ಇಲ್ಲವೇ ಮೂಲವ್ಯಾಧಿ. ದುಡಿಯುವ ವಯಸ್ಸಿನ ಮಕ್ಕಳು ನಾಚಿಕೆಯಿಂದ ಯಾರಿಗೂ ಹೇಳದೆ ಪೈಲ್ಸ್ ಔಷಧಿಯಲ್ಲೇ ತಿಂಗಳು ಕಳೆಯುತ್ತಾರೆ. ಕರುಳಿನ ಕ್ಯಾನ್ಸರ್ ಇದ್ದರೆ ಅಷ್ಟರಲ್ಲಿ ಬಲಿತಿರುತ್ತದೆ. ಅದು ಮುದುಕರ ರೋಗವಷ್ಟೇ ಅಲ್ಲ. ಅಮೆರಿಕದ ತಜ್ಞರು 2021ರಲ್ಲಿ ಅದರ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ನಮ್ಮ ಸರ್ಕಾರದ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗಿದೆ, ಕರುಳಿಗಿಲ್ಲ. ಅದನ್ನೂ ಸೇರಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಅಲ್ಲಿಯವರೆಗೆ ಎಚ್ಚರ ನಮ್ಮದೇ. ರಕ್ತ ಹೋಗುತ್ತಿದ್ದರೆ, ತೂಕ ಇಳಿದರೆ, ಮಲವಿಸರ್ಜನೆಯ ರೂಢಿ ಬದಲಾದರೆ ವೈದ್ಯರಿಗೆ ಬಿಚ್ಚಿ ಹೇಳಿ. ಬರೀ ಮಾತ್ರೆ ಬರೆದುಕೊಟ್ಟರೆ ಗುದಪರೀಕ್ಷೆ ಮಾಡಿರೆಂದು ಕೇಳಿ. ಕೊಲೊನೊಸ್ಕೋಪಿ ಬೇಕೆಂದರೆ ಮುಂದೂಡಬೇಡಿ. ಬೇಗ ಪತ್ತೆಯಾದರೆ ಗುಣವಾಗುವ ರೋಗವಿದು. ಕಾಯ ಉಳಿದರಲ್ಲವೇ ಕಾಯಕ?