ರಾಸ್ತಾಫರಿಗೆ ‘ವಾದ’ದ ಬಾಲ ಏಕೆ?

ರೆಗೆ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ರಾಸ್ತಾಫರಿವಾದ’ ಎಂಬ ಪದ ಬಳಸುವುದಕ್ಕೆ ನನ್ನ ತಕರಾರಿದೆ. ಒಂದು ಕಾಲಕ್ಕೆ ನಾನೂ ಹಾಗೆ ಬರೆದವನೇ. ಇಂಗ್ಲಿಷಿನಲ್ಲಿ ‘ಇಸಂ’ ಇದೆಯಲ್ಲ, ಇಲ್ಲಿ ‘ವಾದ’ ಅಂಟಿಸಿದರಾಯಿತು ಎಂದುಕೊಂಡಿದ್ದೆ. ಆ ಹೆಸರು ಹೊತ್ತವರಲ್ಲೇ ಬಹಳ ಮಂದಿಗೆ ಈ ಬಾಲ ಬೇಡವೆಂದು ಆಮೇಲೆ ತಿಳಿಯಿತು.

‘ರಾಸ್’ ಎಂದರೆ ಇಥಿಯೋಪಿಯದ ಅಮ್ಹಾರಿಕ್ ಭಾಷೆಯಲ್ಲಿ ತಲೆ. ಅದೊಂದು ಬಿರುದೂ ಹೌದು. ‘ತಫರಿ’ ವ್ಯಕ್ತಿಯ ಹೆಸರು. 1930ರ ನವೆಂಬರ್ 2ರಂದು ರಾಸ್ ತಫರಿ ಮಕೊನೆನ್ ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದರು. ಬ್ರಿಟಿಷರ ವಸಾಹತಾಗಿದ್ದ ಜಮೈಕಾದಲ್ಲಿ, ಗುಲಾಮರ ಸಂತತಿಯ ಬಡವರು ಕೆಲವರು ಆ ಕಪ್ಪು ದೊರೆಯಲ್ಲಿ ದೇವರನ್ನೇ ಕಂಡರು. ಹಾಗೆಂದು ಸಾರಿದ ಲೆನಾರ್ಡ್ ಹೋವೆಲ್ ರಾಜದ್ರೋಹದ ಆಪಾದನೆ ಹೊತ್ತು ಜೈಲು ಸೇರಿದ. (ದೊರೆ ಮಾತ್ರ ಇಥಿಯೋಪಿಯದ ಆರ್ಥಡಾಕ್ಸ್ ಕ್ರೈಸ್ತರಾಗಿಯೇ ಉಳಿದರು.)

ಈ ಜನ ಪದಗಳನ್ನು ಅಕ್ಷರ ಅಕ್ಷರ ಸೋಸಿ ಆಡುವವರು. ‘ಅಪ್ರೆಷನ್’ ಎಂಬುದರಲ್ಲಿ ‘ಅಪ್’ ಕೇಳಿಸುತ್ತದೆ, ತುಳಿತ ಮೇಲೆತ್ತುವುದಿಲ್ಲವಲ್ಲ ಎಂದು ಅದನ್ನು ‘ಡೌನ್‌ಪ್ರೆಷನ್’ ಮಾಡಿದರು. ‘ಅಂಡರ್‌ಸ್ಟ್ಯಾಂಡ್’ ಹೋಗಿ ‘ಓವರ್‌ಸ್ಟ್ಯಾಂಡ್’ ಆಯಿತು. ‘ನಾವು’ ಎನ್ನಬೇಕಾದಲ್ಲಿ ‘ಐ ಅಂಡ್ ಐ’, ನಾನೂ ನಾನೂ. ಒಡೆಯನ ಭಾಷೆಯನ್ನೇ ಹೀಗೆ ಮುರಿದು ಕಟ್ಟಿಕೊಂಡವರಿಗೆ ‘ಇಸಂ’ ಎನ್ನುವುದು ತಮ್ಮನ್ನು ತುಳಿದ ವ್ಯವಸ್ಥೆಯ, ಅವರದೇ ಮಾತಲ್ಲಿ ‘ಬ್ಯಾಬಿಲೋನ್’ನ, ಸರಕು. ತಮ್ಮದು ಬದುಕುವ ರೀತಿ ಎನ್ನುತ್ತಾರೆ.

ಹೆಸರಿನಲ್ಲೇನಿದೆ ಎನ್ನುವವರು 1963ನ್ನು ನೆನೆಯಲಿ. ಆ ಏಪ್ರಿಲ್‌ನಲ್ಲಿ ಕೋರಲ್ ಗಾರ್ಡನ್ಸ್‌ನಲ್ಲಿ ಗಲಭೆಯಾದ ಮೇಲೆ, ರಾಸ್ತಾ ಎಂಬ ಒಂದೇ ಕಾರಣಕ್ಕೆ ಅಮಾಯಕರನ್ನೂ ಹಿಡಿದು ಬಡಿದರು, ಜಡೆ ಕತ್ತರಿಸಿದರು. ಜಮೈಕಾ ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ. ನಮಗೋ, ಜಡೆಗಟ್ಟಿದ ಕೂದಲು, ಬಾಬ್ ಮಾರ್ಲಿಯ ಟೀ ಶರ್ಟು, ಗಾಂಜಾ, ಇಷ್ಟಿದ್ದರೆ ಯಾರೂ ‘ರಾಸ್ತಾ’! ‘ಗಾಂಜಾ’ ಎಂಬ ಪದ ಆ ದ್ವೀಪಕ್ಕೆ ಹೋದದ್ದು ಭಾರತದಿಂದ. 1845ರಿಂದ ಕರಾರಿನ ಕೂಲಿಗಳಾಗಿ ಹಡಗು ಹತ್ತಿದವರ ಬಾಯಲ್ಲಿ.

ಇಂಗ್ಲಿಷಿನಲ್ಲೇ ‘ಇಸಂ’ ಇರುವಾಗ ಅನುವಾದಕ ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ‘ಬುದ್ಧಿಸಂ’ನಲ್ಲೂ ಅದಿದೆ, ‘ಜೈನಿಸಂ’ನಲ್ಲೂ ಇದೆ. ನಾವು ಬೌದ್ಧವಾದ, ಜೈನವಾದ ಎನ್ನುತ್ತೇವೆಯೇ? ಬೌದ್ಧಧರ್ಮ, ಜೈನಧರ್ಮ ಎನ್ನುತ್ತೇವೆ. ಬಲ್ಲವರ ವಿಷಯಕ್ಕೆ ಕನ್ನಡದ ವಿವೇಕ ಬಳಸಿ, ದೂರದ ಬಡವರ ನಂಬಿಕೆಗೆ ಮಾತ್ರ ನಿಘಂಟು ತೆರೆದು ‘ವಾದ’ ಹಚ್ಚುವುದು ಸೋಮಾರಿತನ. ‘ರಾಸ್ತಾಫರಿ’ ಎಂದಷ್ಟೇ ಬರೆಯಿರಿ. ಇನ್ನೊಂದು ಪದ ಬೇಕೇಬೇಕಾದರೆ ‘ಪಂಥ’ ಇದೆ, ‘ಮಾರ್ಗ’ ಇದೆ.